ಅಮೆರಿಕದ ಕಾಲೇಜ್ ಸಾಕರ್ ಕೋಚ್ ಇಡೀ ದಿನ ಏನ್ ಮಾಡ್ತಾನೆ ಅಂತ ನಮ್ಮ ಪಿಡಿ ಮಾವ ಕೇಳಿದ್ರು

ಹೋದ ಸಲ ಊರಿಗೆ ಬಂದಾಗ ಹಾಸನದಲ್ಲಿ ಸೋದರಮಾವನ ಮನೆ ಜಗುಲಿ ಮೇಲೆ ಕೂತು ಕಾಫಿ ಕುಡೀತಿದ್ವಿ. ಮಾವ ಮೂವತ್ತು ವರ್ಷ ಡಿಗ್ರಿ ಕಾಲೇಜಲ್ಲಿ ಪಿಡಿ ಆಗಿದ್ದೋರು, ಅಂದ್ರೆ ಫಿಸಿಕಲ್ ಡೈರೆಕ್ಟರು, ರಿಟೈರಾಗಿ ಎಷ್ಟೋ ವರ್ಷ ಆಯ್ತು, ಈಗ್ಲೂ ಬೀದೀಲಿ ಸಿಕ್ಕೋರು ಪಿಡಿ ಸರ್ ಅಂತಾನೇ ಕರೀತಾರೆ, ಹೆಸರು ಯಾರಿಗೂ ನೆನಪಿಲ್ಲ. ಕಬಡ್ಡಿ, ಖೋಖೋ, ವಾಲಿಬಾಲ್, ಅಥ್ಲೆಟಿಕ್ಸ್, ಜೊತೆಗೆ ಆಗಸ್ಟ್ ಹದಿನೈದರ ಪೆರೇಡು, ಕಾಲೇಜ್ ಡೇ ದಿನ ಗಲಾಟೆ ಆಗದಂಗೆ ನೋಡ್ಕೊಳ್ಳೋದು, ಎಲ್ಲಾ ಒಬ್ಬರೇ. ನಾನು ನಾರ್ತ್ ಕ್ಯಾರೊಲೈನಾದ ಕ್ಯಾರಿ ಅನ್ನೋ ಊರಲ್ಲಿರೋದು, ಮಗಳು ಕ್ಲಬ್ ಸಾಕರ್ ಆಡ್ತಾಳೆ, ಅದರ ಮಾತು ಬಂತು, ಅಲ್ಲಿನ ಕಾಲೇಜ್ ಕೋಚ್‌ಗಳ ಮಾತೂ ಬಂತು.

"ಅಲ್ಲ ಕಣೋ, ಫುಟ್ಬಾಲ್ ಒಂದಕ್ಕೇ ಒಬ್ಬ ಕೋಚು, ಅವನ ಕೈಕೆಳಗೆ ಎರಡು ಮೂರು ಜನ ಅಸಿಸ್ಟೆಂಟು, ಎಲ್ಲರಿಗೂ ಕಾಲೇಜೇ ಸಂಬಳ ಕೊಡುತ್ತೆ ಅಂತೀಯ. ದಿನಾ ಎರಡು ಗಂಟೆ ಬಾಲ್ ಒದೆಸಿದ್ರೆ ಮುಗೀತಲ್ಲ, ಉಳಿದ ಹೊತ್ತು ಏನ್ ಮಾಡ್ತಾನೋ ಅವನು?" ಅಂದ್ರು ಮಾವ.

ನಗು ಬಂತು, ಆದ್ರೆ ಪ್ರಶ್ನೆ ಸರಿಯಾಗೇ ಇತ್ತು. ಯಾಕಂದ್ರೆ ಅಲ್ಲಿ ನಿಜವಾಗ್ಲೂ ರೂಲ್ಸ್ ಪ್ರಕಾರ ಅಷ್ಟೇ ಒದೆಸಬಹುದು. ಎನ್‌ಸಿಎಎ ಅಂತ ಒಂದು ಸಂಸ್ಥೆ ಇದೆ, ಅಮೆರಿಕದ ಕಾಲೇಜ್ ಕ್ರೀಡೆಗಳನ್ನ ನಡೆಸೋದು ಅದು, ಅದರ ನಿಯಮದಲ್ಲಿ ದೊಡ್ಡ ಕಾಲೇಜುಗಳಲ್ಲಿ ಸೀಸನ್ ನಡೀವಾಗ ವಾರಕ್ಕೆ 20 ಗಂಟೆ ಮಾತ್ರ ಕೋಚ್ ಹುಡುಗರನ್ನ ದುಡಿಸಬಹುದು, ಅದರಲ್ಲಿ ಒಂದು ದಿನ ಪೂರ್ತಿ ರಜೆ, ಮ್ಯಾಚ್ ಇದ್ದ ದಿನ ಎಷ್ಟೇ ಹೊತ್ತಾದ್ರೂ 3 ಗಂಟೆ ಅಂತ ಲೆಕ್ಕ. ಸೀಸನ್ ಇಲ್ಲದಾಗ ವಾರಕ್ಕೆ 8 ಗಂಟೆ. ಹಂಗಿದ್ರೂ ಈ ಕೋಚ್‌ಗಳು ವಾರಕ್ಕೆ ಅರವತ್ತು ಎಪ್ಪತ್ತು ಗಂಟೆ ಕೆಲಸ ಮಾಡ್ತೀವಿ ಅಂತಾರೆ, ಅದು ಸುಳ್ಳೂ ಅಲ್ಲ. ಹಂಗಾದ್ರೆ ಉಳಿದ ಹೊತ್ತು ಎಲ್ಲಿಗೆ ಹೋಗುತ್ತೆ? ಅದನ್ನ ಮಾವನಿಗೆ ಬಿಡಿಸಿ ಹೇಳಕ್ಕೆ ಹೋಗಿ ಎರಡು ಸಲ ಕಾಫಿ ಆಯ್ತು, ಇಲ್ಲಿ ಬರೀತಿರೋದು ಅದನ್ನೇ, ಸ್ವಲ್ಪ ಸೇರಿಸಿ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಅಮೆರಿಕದಲ್ಲಿ ಫುಟ್ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡಿಯೋ ಆಟ, ನಮ್ಮ ಫುಟ್ಬಾಲ್ ಅಲ್ಲಿ ಸಾಕರ್. ಕಾಲೇಜಿಗೆ ದುಡ್ಡು ತರೋದು ಆ ಹೆಲ್ಮೆಟ್ ಆಟ, ಆಮೇಲೆ ಬ್ಯಾಸ್ಕೆಟ್‌ಬಾಲ್. ಸಾಕರ್ ದುಡ್ಡು ತಿನ್ನೋ ಆಟ, ತರೋ ಆಟ ಅಲ್ಲ. ಸಾಕರ್ ಕೋಚ್‌ನ ಇಡೀ ವೃತ್ತಿ ಈ ಒಂದು ವಿಷಯದ ನೆರಳಲ್ಲೇ ನಡಿಯುತ್ತೆ, ಬಜೆಟ್ ಕಟ್ ಆದಾಗ ಮೊದಲು ಕಣ್ಣಿಗೆ ಬೀಳೋದು ಇವನ ಥರದೋರು. ಇನ್ನೊಂದು ವಿಚಿತ್ರ ಅಂದ್ರೆ ಅಲ್ಲಿ ಮೇಲಿನ ದರ್ಜೆಯಲ್ಲಿ, ಅಂದ್ರೆ ಡಿವಿಷನ್ ಒನ್‌ನಲ್ಲಿ, ಹುಡುಗರ ಸಾಕರ್ ಟೀಮುಗಳು ಇನ್ನೂರು ಚಿಲ್ಲರೆ ಇದ್ರೆ ಹುಡುಗೀರ ಟೀಮುಗಳು ಹತ್ತಿರಹತ್ತಿರ 350. ಕಾರಣ 1972ರಲ್ಲಿ ಬಂದ ಟೈಟಲ್ ನೈನ್ ಅನ್ನೋ ಕಾನೂನು. ಸರ್ಕಾರದ ದುಡ್ಡು ತಗೊಳ್ಳೋ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡಂಗಿಲ್ಲ ಅಂತ. ಹೆಲ್ಮೆಟ್ ಆಟಕ್ಕೆ ಒಂದೇ ಸಲ 85 ಹುಡುಗರಿಗೆ ಸ್ಕಾಲರ್‌ಶಿಪ್ ಕೊಟ್ರೆ ಅದಕ್ಕೆ ಸರಿದೂಗಿಸಕ್ಕೆ ಹುಡುಗೀರ ಕಡೆ ಟೀಮು ಬೇಕಲ್ಲ, ಸಾಕರ್‌ಗೆ ಒಂದು ಮೈದಾನ ಇದ್ರೆ ಸಾಕು, ತುಂಬಾ ಜನ ಆಡ್ತಾರೆ, ಹಂಗಾಗಿ ಕಾಲೇಜುಗಳು ಸಾಲಾಗಿ ಹುಡುಗೀರ ಸಾಕರ್ ಟೀಮು ಶುರು ಮಾಡಿದ್ವು.

ಇಷ್ಟೆಲ್ಲಾ ಹುಡುಗೀರ ಟೀಮು ಇದ್ರೂ ಅವುಗಳ ಹೆಡ್ ಕೋಚ್‌ಗಳಲ್ಲಿ ಗಂಡಸರೇ ಜಾಸ್ತಿ. ಈ ಮಾತಿಗೆ ಮಾವನ ಪಕ್ಕದಲ್ಲಿ ಅವರೆಕಾಳು ಬಿಡಿಸ್ತಿದ್ದ ಅತ್ತೆ "ಅದೇನ್ ಹೊಸದಾ" ಅಂದ್ರು, ತಲೆ ಎತ್ತಲಿಲ್ಲ. ಆದ್ರೆ ತಿರುವುಮುರುವು ಆಗಿದ್ದೂ ಇದೆ. 2022ರಲ್ಲಿ ಯೂನಿವರ್ಸಿಟಿ ಆಫ್ ಶಿಕಾಗೋದ ಹುಡುಗರ ಟೀಮಿಗೆ ಜೂಲಿಯಾನ್ ಸಿಚ್ ಅನ್ನೋ ಮಹಿಳೆ ಕೋಚ್ ಆಗಿ ಬಂದು, ಮೊದಲನೇ ವರ್ಷವೇ ಒಂದೂ ಮ್ಯಾಚ್ ಸೋಲದೆ ಮೂರನೇ ದರ್ಜೆಯ, ಅಂದ್ರೆ ಡಿವಿಷನ್ ತ್ರೀಯ ಚಾಂಪಿಯನ್ ಮಾಡಿಸಿದ್ರು. ಹುಡುಗರ ಸಾಕರ್ ಟೀಮಿಗೆ ಎನ್‌ಸಿಎಎ ಕಪ್ ಗೆದ್ದುಕೊಟ್ಟ ಮೊದಲ ಮಹಿಳೆ ಅವರೇ.

ಈಗ ಈ ಕೆಲಸಕ್ಕೆ ಸೇರೋದು ಹೆಂಗೆ ಅಂತ. ನಮ್ಮಲ್ಲಿ ಬಿಪಿಎಡ್, ಎಂಪಿಎಡ್, ನೆಟ್ ಅಥವಾ ಕೆಸೆಟ್ ಪಾಸ್ ಮಾಡಿ ಅರ್ಜಿ ಹಾಕೋ ಥರ ಅಲ್ಲಿ ನೇರ ದಾರಿ ಇಲ್ಲ. ಸಾಮಾನ್ಯವಾಗಿ ತಾನೇ ಕಾಲೇಜಲ್ಲಿ ಆಡಿರ್ತಾನೆ, ಡಿಗ್ರಿ ಮುಗಿದ ಮೇಲೆ ಯಾವುದೋ ಸಣ್ಣ ಕಾಲೇಜಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಅಂತ ಸೇರ್ಕೋತಾನೆ. ಫೀಸ್ ಇಲ್ಲದೆ ಎಂಎ ಓದಬಹುದು, ಕೈಗೆ ಚೂರು ಪಾಕೆಟ್ ಮನಿ, ಅದಕ್ಕೆ ಬದಲಾಗಿ ಕೋನ್ ಇಡೋದು, ವಿಡಿಯೋ ಕಟ್ ಮಾಡೋದು, ವ್ಯಾನ್ ಓಡ್ಸೋದು, ಬೆವರಿನ ಜೆರ್ಸಿ ಮಿಷಿನ್‌ಗೆ ಹಾಕೋದು. ಮೊನ್ನೆ ಮೊನ್ನೆ ತನಕ ವಾಲಂಟಿಯರ್ ಅಸಿಸ್ಟೆಂಟ್ ಅಂತ ಒಂದು ಹುದ್ದೆನೇ ಇತ್ತು, ಹೆಸರಲ್ಲೇ ಇದೆಯಲ್ಲ, ಸಂಬಳ ಸೊನ್ನೆ, ಕೆಲಸ ಪೂರ್ತಿ, ಅದನ್ನ ತೆಗೆದಿದ್ದು 2023ರಲ್ಲಿ. ಇದರ ಜೊತೆಗೆ ಯುಎಸ್ ಸಾಕರ್ ಸಂಸ್ಥೆಯ ಲೈಸೆನ್ಸ್‌ಗಳು, ಡಿ ಇಂದ ಶುರುವಾಗಿ ಸಿ, ಬಿ, ಎ ಅಂತ ಮೇಲೆ ಹೋಗುತ್ತೆ, ಒಂದೊಂದಕ್ಕೂ ತಿಂಗಳುಗಟ್ಟಲೆ ಟೈಮು, ಕೈಯಿಂದ ದುಡ್ಡು. ಪ್ರತಿ ಜನವರಿಯಲ್ಲಿ ಕೋಚ್‌ಗಳ ಸಂಘದ ದೊಡ್ಡ ಸಮ್ಮೇಳನ ಆಗುತ್ತೆ, ಉಪನ್ಯಾಸ ಕೇಳಕ್ಕೆ ಅಂತ ಹೆಸರು, ಆದ್ರೆ ಅರ್ಧ ಜನ ಬರೋದು ಹೋಟೆಲ್ ಲಾಬೀಲಿ ಯಾರಾದ್ರೂ ಹೆಡ್ ಕೋಚ್ ಸಿಕ್ರೆ ಕೈಕುಲುಕಿ ಕೆಲಸ ಇದ್ರೆ ಹೇಳಿ ಅನ್ನಕ್ಕೆ. ನಮ್ಮ ಕಡೆ ಮದುವೆ ಮನೇಲಿ ಜಾತಕ ಕೈ ಬದಲಾಗೋ ಹಂಗೆ.

ಅಸಿಸ್ಟೆಂಟ್ ಆಗಿ ಐದು ವರ್ಷ, ಹತ್ತು ವರ್ಷ, ಊರಿಂದೂರು. ಆಮೇಲೆ ಯಾವುದಾದ್ರೂ ಕಾಲೇಜಿನ ಅಥ್ಲೆಟಿಕ್ ಡೈರೆಕ್ಟರ್‌ಗೆ ಇವನ ಮೇಲೆ ನಂಬಿಕೆ ಬಂದ್ರೆ ಹೆಡ್ ಕೋಚು. ದೊಡ್ಡೋರು ಅಂತ ಈಗ ನಾವು ಅನ್ನೋರೂ ಹಿಂಗೇ ಸಣ್ಣದಾಗಿ ಶುರು ಮಾಡಿದೋರೇ. ಬ್ರೂಸ್ ಅರೀನಾ ಗೊತ್ತಲ್ಲ, 2002ರ ವರ್ಲ್ಡ್ ಕಪ್‌ನಲ್ಲಿ ಅಮೆರಿಕವನ್ನ ಕ್ವಾರ್ಟರ್‌ಫೈನಲ್‌ವರೆಗೆ ತಗೊಂಡು ಹೋದ ಕೋಚು, ಅವರು 1978ರಲ್ಲಿ ವರ್ಜೀನಿಯಾ ಯೂನಿವರ್ಸಿಟಿಗೆ ಸೇರಿದಾಗ ಸಾಕರ್ ಕೋಚಿನ ಜೊತೆ ಲಕ್ರಾಸ್ ಅನ್ನೋ ಇನ್ನೊಂದು ಆಟಕ್ಕೂ ಅಸಿಸ್ಟೆಂಟು. ಇದನ್ನ ಹೇಳಿದಾಗ ಮಾವನ ಮುಖ ಅರಳಿತು, "ಹಂಗ್ ಹೇಳು, ಅವನೂ ನಮ್ಮೋನೇ" ಅಂತ. ಜೆರ್ರಿ ಯೇಗ್ಲಿ ಅಂತ ಇನ್ನೊಬ್ಬರು, 1963ರಲ್ಲಿ ಇಂಡಿಯಾನಾ ಯೂನಿವರ್ಸಿಟಿಗೆ ಬಂದಾಗ ಅಲ್ಲಿ ಸಾಕರ್‌ಗೆ ಅಧಿಕೃತ ಟೀಮೇ ಇರಲಿಲ್ಲ, ಹತ್ತು ವರ್ಷ ಬರೀ ಕ್ಲಬ್ ಅಂತ ನಡೆಸಿ, ಬೆನ್ನು ಬಿದ್ದು ಬೆನ್ನು ಬಿದ್ದು 1973ರಲ್ಲಿ ಮಾನ್ಯತೆ ತಗೊಂಡ್ರು, ಆಮೇಲೆ ಆರು ರಾಷ್ಟ್ರೀಯ ಕಪ್ ಗೆದ್ರು, ಆರನೇದು 2003ರಲ್ಲಿ, ರಿಟೈರ್ ಆಗೋ ವರ್ಷ. ಈಗ ಅದೇ ಟೀಮಿಗೆ ಅವರ ಮಗ ಟಾಡ್ ಕೋಚು, 2012ರಲ್ಲಿ ಅವರೂ ಒಂದು ಕಪ್ ತಂದ್ರು.

ಸರಿ, ಮಾವನ ಪ್ರಶ್ನೆಗೆ ಬರ್ತೀನಿ, ಉಳಿದ ಹೊತ್ತು ಏನ್ ಮಾಡ್ತಾನೆ. ಒಂದೇ ಪದ, ರಿಕ್ರೂಟಿಂಗ್. ಮಕ್ಕಳನ್ನ ಹುಡುಕೋದು. ಕಾಲೇಜ್ ಟೀಮಿನಲ್ಲಿ ಆಟಗಾರರು ನಾಲ್ಕು ವರ್ಷಕ್ಕೆ ಹೊರಟು ಹೋಗ್ತಾರೆ, ಕೋಚ್ ಎಷ್ಟೇ ಚೆನ್ನಾಗಿ ಕಲಿಸಲಿ ಕಲಿತೋರು ಕೈಬಿಟ್ಟು ಹೋಗೋದು ಗ್ಯಾರಂಟಿ, ಹಂಗಾಗಿ ಈ ವರ್ಷದ ಮ್ಯಾಚ್ ಗೆಲ್ಲೋದರ ಜೊತೆ ಎರಡು ಮೂರು ವರ್ಷ ಆದ್ಮೇಲಿನ ಟೀಮನ್ನ ಈಗ್ಲೇ ಕಟ್ಟಬೇಕು. ಅಂದ್ರೆ ಇವತ್ತು ಒಂಬತ್ತನೇ ಕ್ಲಾಸು ಹತ್ತನೇ ಕ್ಲಾಸಲ್ಲಿರೋ, ಹಲ್ಲಿಗೆ ತಂತಿ ಹಾಕಿರೋ ಮಕ್ಕಳ ಕಾಲಿನ ಮೇಲೆ ಇವನ ಕೆಲಸ ನಿಂತಿರುತ್ತೆ.

ಇದನ್ನ ನಾನು ಹತ್ತಿರದಿಂದ ನೋಡ್ತೀನಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಶೋಕೇಸ್ ಟೂರ್ನಮೆಂಟು, ಅಂದ್ರೆ ಕಾಲೇಜ್ ಕೋಚ್‌ಗಳು ಬಂದು ನೋಡಲಿ ಅಂತಾನೇ ನಡೆಸೋದು, ಹುಲ್ಲಿನ ಮೇಲೆ ಇನ್ನೂ ಇಬ್ಬನಿ, ಒಂದು ಕಡೆ ಅಪ್ಪ ಅಮ್ಮಂದಿರು, ಎದುರುಗಡೆ ಮಡಚೋ ಕುರ್ಚಿ ಹಾಕ್ಕೊಂಡು ಹತ್ತು ಹದಿನೈದು ಜನ, ಒಬ್ಬೊಬ್ಬರ ಶರ್ಟಿನ ಮೇಲೂ ಒಂದೊಂದು ಕಾಲೇಜಿನ ಚಿಹ್ನೆ, ಕೈಯಲ್ಲಿ ಜೆರ್ಸಿ ನಂಬರ್ ಇರೋ ಲಿಸ್ಟು. ಅವರು ಗೋಲಿಗೆ ಚಪ್ಪಾಳೆ ಹೊಡಿಯಲ್ಲ. ಮೊದಮೊದಲು ನನಗೆ ಇವರು ಏನ್ ನೋಡ್ತಾರೆ ಅಂತಾನೇ ಅರ್ಥ ಆಗ್ತಿರಲಿಲ್ಲ, ಬಾಲ್ ಒಂದು ಕಡೆ ಇದ್ರೆ ಇವರ ಕಣ್ಣು ಇನ್ನೊಂದು ಕಡೆ. ನಿಧಾನಕ್ಕೆ ಗೊತ್ತಾಯ್ತು, ಬಾಲ್ ಕಳ್ಕೊಂಡ ಹುಡುಗಿ ಮುಂದಿನ ಐದು ಸೆಕೆಂಡ್ ಏನ್ ಮಾಡ್ತಾಳೆ ಅಂತ ನೋಡ್ತಾರೆ. ವಾಪಸ್ ಓಡ್ತಾಳಾ, ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಾಳಾ, ರೆಫ್ರಿ ಕಡೆ ತಿರುಗ್ತಾಳಾ. ಹೊರಗೆ ಕರೆಸಿ ಕೂರಿಸಿದ್ರೆ ಬೆಂಚಲ್ಲಿ ಹೆಂಗಿರ್ತಾಳೆ. ಮ್ಯಾಚ್ ಮುಗಿದ ಮೇಲೆ ಬ್ಯಾಗ್ ಎತ್ಕೋ ಅಂದ ಅಮ್ಮನ ಹತ್ರ ಹೆಂಗೆ ಮಾತಾಡ್ತಾಳೆ ಅನ್ನೋದನ್ನೂ ನೋಡ್ತಾರೆ ಅಂತ ಮಗಳ ಕ್ಲಬ್ ಕೋಚ್ ಹೇಳಿದ ದಿನದಿಂದ ನಮ್ಮ ಮನೆ ಕಾರಿನ ಹತ್ರ ಜಗಳ ಆಗೋದು ನಿಂತಿದೆ, ಈಗ ಮನೆಗೆ ಬಂದ ಮೇಲೆ ಆಗುತ್ತೆ.

ಆದ್ರೆ ಆ ಕೋಚ್ ಎದ್ದು ಬಂದು ಮಗಳ ಹತ್ರ ಮಾತಾಡಂಗಿಲ್ಲ. ಡಿವಿಷನ್ ಒನ್ ಸಾಕರ್‌ನಲ್ಲಿ ಹತ್ತನೇ ಕ್ಲಾಸ್ ಮುಗಿದ ವರ್ಷದ ಜೂನ್ 15ರ ತನಕ ಕೋಚ್ ತಾನಾಗಿ ಫೋನ್, ಮೆಸೇಜ್, ಇಮೇಲ್ ಏನೂ ಮಾಡಂಗಿಲ್ಲ ಅಂತ 2019ರಿಂದ ನಿಯಮ. ಅದಕ್ಕೂ ಮುಂಚೆ ಎಂಟನೇ ಕ್ಲಾಸಿನ ಮಕ್ಕಳೆಲ್ಲಾ ಇಂಥ ಕಾಲೇಜಿಗೇ ಬರ್ತೀನಿ ಅಂತ ಮಾತು ಕೊಟ್ಟುಬಿಡ್ತಿದ್ರು, ಅದು ಅತಿಯಾಗಿ ಈ ಗೆರೆ ಎಳೆದಿದ್ದು. ಈಗ ಏನಾಗುತ್ತೆ ಅಂದ್ರೆ ಜೂನ್ 14ರ ರಾತ್ರಿ ಮಕ್ಕಳು ನಿದ್ದೆ ಮಾಡಲ್ಲ. ಮಗಳ ಕ್ಲಬ್ಬಿನ ದೊಡ್ಡ ಹುಡುಗೀರು ಒಬ್ಬಳ ಮನೇಲಿ ಸೇರಿದ್ರಂತೆ, ಹನ್ನೆರಡು ಹೊಡೀತಿದ್ದಂಗೆ ಒಬ್ಬಳ ಫೋನು ಟೇಬಲ್ ಮೇಲೆ ಕುಣಿಯಕ್ಕೆ ಶುರು, ಪಕ್ಕದಲ್ಲಿ ಕೂತಿದ್ದವಳ ಫೋನು ಬೆಳಗಾದ್ರೂ ಸುಮ್ನೆ ಬಿದ್ದಿತ್ತು. ಆ ಕಡೆ ಕೋಚ್ ಕೂಡ ಎದ್ದೇ ಇರ್ತಾನೆ ಅನ್ನೋದನ್ನ ಮರೀಬೇಡಿ, ಅವನೂ ಲಿಸ್ಟ್ ಇಟ್ಕೊಂಡು ಕೂತಿರ್ತಾನೆ, ಹತ್ತು ನಿಮಿಷ ತಡ ಆದ್ರೆ ನನ್ನ ಮೇಲೆ ಇವರಿಗೆ ಅಷ್ಟು ಆಸೆ ಇಲ್ಲ ಅಂತ ಹುಡುಗಿ ತಿಳ್ಕೊಂಡುಬಿಡ್ತಾಳೆ. ಐವತ್ತು ವರ್ಷದ ಮನುಷ್ಯ ಹದಿನಾರು ವರ್ಷದ ಹುಡುಗಿ ರಿಪ್ಲೈ ಮಾಡ್ತಾಳಾ ಅಂತ ಫೋನ್ ನೋಡ್ಕೊಂಡು ಕೂತಿರೋ ಕೆಲಸ ಇದು.

ಆಸೆ ತೋರಿಸಿದ್ರೆ ಆಯ್ತಾ, ದುಡ್ಡು? ಇಲ್ಲೇ ತಮಾಷೆ ಇರೋದು. ಮೊನ್ನೆಯವರೆಗೆ ಡಿವಿಷನ್ ಒನ್ ಹುಡುಗರ ಸಾಕರ್ ಟೀಮಿಗೆ ಸಿಗ್ತಿದ್ದ ಸ್ಕಾಲರ್‌ಶಿಪ್ 9.9. ಹತ್ತೂ ಅಲ್ಲ, ಒಂಬತ್ತೂ ಅಲ್ಲ. ಹುಡುಗೀರಿಗೆ 14. ಟೀಮಲ್ಲಿ ಇರೋದು ಇಪ್ಪತ್ತೆಂಟು ಮೂವತ್ತು ಜನ. ಒಂದು ಪಾತ್ರೆ ಸಾರಲ್ಲಿ ಇಡೀ ಪಂಕ್ತಿಗೆ ಬಡಿಸಬೇಕು. ಗೋಲ್‌ಕೀಪರ್‌ಗೆ ಮುಕ್ಕಾಲು, ಸ್ಟ್ರೈಕರ್‌ಗೆ ಅರ್ಧ, ಇನ್ನೊಬ್ಬನಿಗೆ ಬರೀ ಪುಸ್ತಕದ ಖರ್ಚು, ಮತ್ತೊಬ್ಬನಿಗೆ ಈ ವರ್ಷ ಏನೂ ಇಲ್ಲ, ಮುಂದಿನ ವರ್ಷ ನೋಡೋಣ ಅನ್ನೋ ಮಾತು. ಅದಕ್ಕೇ ಕೋಚ್‌ಗಳಿಗೆ ಓದೋ ಮಕ್ಕಳು ಅಂದ್ರೆ ಪ್ರಾಣ, ಮಾರ್ಕ್ಸ್ ಮೇಲೆ ಕಾಲೇಜಿಂದಾನೇ ಬೇರೆ ಸ್ಕಾಲರ್‌ಶಿಪ್ ಬಂದ್ರೆ ಇವನ ಪಾತ್ರೆಯ ಸಾರು ಉಳಿಯುತ್ತೆ. ಇದು ಗೊತ್ತಾದ ದಿನ ನಮ್ಮ ಕನ್ನಡ ಕೂಟದ ಅಪ್ಪಂದಿರೆಲ್ಲಾ ಒಂದು ವಾರ ಖುಷಿಯಾಗಿ ಓಡಾಡ್ಕೊಂಡಿದ್ರು, ಗಣಿತಕ್ಕೂ ಗೋಲಿಗೂ ಸಂಬಂಧ ಇದೆ ಅಂತ. ಡಿವಿಷನ್ ತ್ರೀ ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ, ಹಾರ್ವರ್ಡ್ ಯೇಲ್ ಇರೋ ಐವಿ ಲೀಗ್‌ನಲ್ಲೂ ಇಲ್ಲ.

ಆದ್ರೆ ಅಂಥ ಕಾಲೇಜುಗಳಲ್ಲಿ ಕೋಚ್ ಕೈಯಲ್ಲಿ ದುಡ್ಡಿಗಿಂತ ದೊಡ್ಡದೊಂದು ಇರುತ್ತೆ, ಸೀಟು. ಈ ಮಗು ನಮಗೆ ಬೇಕು ಅಂತ ಅಡ್ಮಿಷನ್ ಆಫೀಸಿಗೆ ಇವನು ಕೊಡೋ ಸಣ್ಣ ಲಿಸ್ಟಿಗೆ ಭಾರಿ ತೂಕ. ನಮ್ಮ ಸ್ಪೋರ್ಟ್ಸ್ ಕೋಟಾ ಇದ್ದಂಗೆ ಅಂತ ಹೇಳ್ದೆ. ಮಾವ ಒಂದು ಕ್ಷಣ ಸುಮ್ನಿದ್ದು, "ಹಂಗಾದ್ರೆ ದುಡ್ಡು ಹಿಡ್ಕೊಂಡು ಬರೋರು ಇರ್ಬೇಕಲ್ಲೋ ಅವನ ಮನೆ ಬಾಗಿಲಿಗೆ" ಅಂದ್ರು. ಮೂವತ್ತು ವರ್ಷದ ಸರ್ವೀಸು ಸುಮ್ನೆ ಅಲ್ಲ. 2019ರ ಮಾರ್ಚಲ್ಲಿ ಹೊರಗೆ ಬಂದಿದ್ದು ಅದೇ, ಶ್ರೀಮಂತರ ಮಕ್ಕಳನ್ನ ಆಟಗಾರರು ಅಂತ ಸುಳ್ಳು ಪ್ರೊಫೈಲ್ ಮಾಡಿ ದೊಡ್ಡ ದೊಡ್ಡ ಯೂನಿವರ್ಸಿಟಿಗೆ ಸೇರಿಸಿದ ಹಗರಣ, ಅದರಲ್ಲಿ ಯೇಲ್‌ನ ಹುಡುಗೀರ ಸಾಕರ್ ಕೋಚ್ ಲಂಚ ತಗೊಂಡಿದ್ದು ಒಪ್ಕೊಂಡು, ಆಮೇಲೆ 5 ತಿಂಗಳು ಜೈಲು ಶಿಕ್ಷೆ ಆಯ್ತು. ಸಾಕರ್ ಸಣ್ಣ ಆಟ, ಯಾರೂ ಗಮನಿಸಲ್ಲ, ಬೆಂಚಲ್ಲಿ ಒಬ್ಬರು ಜಾಸ್ತಿ ಕೂತ್ರೆ ಯಾರಿಗೆ ಗೊತ್ತಾಗುತ್ತೆ ಅನ್ನೋದೇ ಆ ದಂಧೆಯ ಬುಡ.

ಸರಿ, ಹುಡುಕಿದ್ದಾಯ್ತು, ಒಪ್ಪಿಸಿದ್ದಾಯ್ತು, ಬಂದ ಮೇಲೆ ಏನ್ ಮಾಡ್ತಾರೆ ಅಂತ ತೋರಿಸಕ್ಕೆ ಒಬ್ಬರ ಕಥೆ ಹೇಳ್ಬೇಕು, ಆನ್ಸನ್ ಡಾರೆನ್ಸ್ ಅಂತ, ನಮ್ಮ ಮನೆಯಿಂದ ಅರ್ಧ ಗಂಟೆ ಡ್ರೈವ್ ಮಾಡಿದ್ರೆ ಸಿಗೋ ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿಯ ಹುಡುಗೀರ ಕೋಚ್ ಆಗಿದ್ದೋರು. ಹುಟ್ಟಿದ್ದು ಎಲ್ಲಿ ಗೊತ್ತಾ, ಬೊಂಬಾಯಲ್ಲಿ, 1951ರಲ್ಲಿ. ಅವರಪ್ಪ ಆಯಿಲ್ ಕಂಪನಿ ಕೆಲಸದಲ್ಲಿದ್ರು, ಇವರು ಕೀನ್ಯಾ, ಇಥಿಯೋಪಿಯಾ, ಸಿಂಗಾಪುರ ಅಂತ ಸುತ್ತಿ ಬೆಳೆದ್ರು. ಚಾಪೆಲ್ ಹಿಲ್‌ನಲ್ಲೇ ಆಡಿ, ಲಾ ಓದ್ತಿದ್ದಾಗ ಹುಡುಗರ ಟೀಮಿಗೆ ಕೋಚ್ ಆಗ್ತೀಯಾ ಅಂತ ಕರೆದ್ರು, ಹೋದ್ರು. 1979ರಲ್ಲಿ ಹುಡುಗೀರ ಟೀಮೂ ಶುರುವಾಯ್ತು, ಅದನ್ನೂ ನೀನೇ ನೋಡ್ಕೋ ಅಂದ್ರು. ಲಾ ಡಿಗ್ರಿ ಅಲ್ಲಿಗೇ ನಿಂತು ಹೋಯ್ತು. 1988ರ ತನಕ ಎರಡೂ ಟೀಮು ಇವರದೇ.

ಎನ್‌ಸಿಎಎ ಹುಡುಗೀರಿಗೆ ಅಂತ ಸಾಕರ್ ಕಪ್ ಇಟ್ಟಿದ್ದೇ 1982ರಲ್ಲಿ. ಮೊದಲ ಕಪ್ ಇವರದು, ಎರಡನೇದು, ಮೂರನೇದೂ ಇವರದೇ. 1986ರಿಂದ 1994ರ ತನಕ ಸತತ ಒಂಬತ್ತು. ಒಟ್ಟು 21. ಒಂದು ಹಂತದಲ್ಲಿ ಸತತ 92 ಮ್ಯಾಚ್ ಗೆದ್ರು. ಇಷ್ಟು ಸಾಲದು ಅಂತ 1986ರಿಂದ 1994ರವರೆಗೆ ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡಕ್ಕೂ ಇವರೇ ಕೋಚು, 1991ರಲ್ಲಿ ಚೀನಾದಲ್ಲಿ ನಡೆದ ಮೊಟ್ಟಮೊದಲ ಮಹಿಳಾ ವರ್ಲ್ಡ್ ಕಪ್ ಗೆದ್ದಿದ್ದು ಇವರ ಟೀಮು, ಫೈನಲ್‌ನಲ್ಲಿ ನಾರ್ವೆ ಮೇಲೆ 2-1. ಬೆಳಿಗ್ಗೆ ಕಾಲೇಜ್ ಕೋಚು, ಬೇಸಿಗೆಯಲ್ಲಿ ದೇಶದ ಕೋಚು ಅನ್ನೋದು ಈಗ ಯೋಚನೆ ಮಾಡಕ್ಕೂ ಆಗಲ್ಲ, ಆಗ ಮಹಿಳಾ ಸಾಕರ್‌ಗೆ ಬೇರೆ ಮನೆಯೇ ಇರಲಿಲ್ಲ, ಕಾಲೇಜೇ ಅದರ ಮನೆ.

ಅವರ ಪದ್ಧತಿಗೆ ಒಂದು ಹೆಸರಿದೆ, ಸ್ಪರ್ಧೆಯ ಕೊಪ್ಪರಿಗೆ ಅನ್ನೋ ಅರ್ಥದ್ದು. ಅದೇ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಪ್ರಾಕ್ಟೀಸ್ ಮಾಡಿಸೋದನ್ನ ನೋಡಿದ್ರಂತೆ, ಅಲ್ಲಿ ಪ್ರತಿ ಡ್ರಿಲ್ಲಲ್ಲೂ ಯಾರೋ ಒಬ್ಬರು ಪ್ಯಾಡ್ ಹಿಡಿದು ಬರೀತಿರ್ತಾರೆ, ಯಾರು ಗೆದ್ರು ಯಾರು ಸೋತ್ರು ಅಂತ. ಇವರು ಅದನ್ನ ಸಾಕರ್‌ಗೆ ತಂದ್ರು. ಒಬ್ಬಳ ಎದುರು ಒಬ್ಬಳು ಬಾಲ್ ಕಿತ್ಕೊಳ್ಳೋದು, ಹೆಡ್ಡಿಂಗ್, ಓಟ, ಎಲ್ಲದಕ್ಕೂ ನಂಬರು, ಎಲ್ಲಾ ಸೇರಿಸಿ ರ‍್ಯಾಂಕು, ಆ ರ‍್ಯಾಂಕ್ ಲಿಸ್ಟ್ ಎಲ್ಲರಿಗೂ ಕಾಣೋ ಹಂಗೆ ಅಂಟಿಸೋದು. ಅಂದ್ರೆ ಪ್ರಾಕ್ಟೀಸ್ ಅನ್ನೋದು ದಿನಾ ಪರೀಕ್ಷೆ, ದಿನಾ ರಿಸಲ್ಟು. ನಾವು ಪಿಯುಸಿ ರಿಸಲ್ಟ್ ಬೋರ್ಡಿನ ಮುಂದೆ ನಿಂತು ಬೆವರಿದೋರು, ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಪೂರ್ತಿ ಇಷ್ಟ ಆಗೋ ಪದ್ಧತಿ ಅಲ್ಲ ಇದು, ಲಿಸ್ಟಿನ ತಳದಲ್ಲಿರೋ ಹುಡುಗಿಗೆ ಪ್ರತಿದಿನ ಏನನ್ನಿಸುತ್ತೋ, ಆದ್ರೆ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ, ಟೋಬಿನ್ ಹೀತ್, ಕ್ರಿಸ್ಟಲ್ ಡನ್, ಇಂಗ್ಲೆಂಡಿನ ಲೂಸಿ ಬ್ರಾಂಜ್, ಅಲೆಸಿಯಾ ರುಸ್ಸೋ ಅಂಥ ಹೆಸರಾಂತ ಆಟಗಾರ್ತಿಯರೆಲ್ಲಾ ಈ ಕೊಪ್ಪರಿಗೆಯಲ್ಲೇ ಬೆಂದು ಬಂದೋರು ಅನ್ನೋದೂ ನಿಜ.

ಮಿಯಾ ಹ್ಯಾಮ್ ಬಗ್ಗೆ ಅಲ್ಲಿ ಎಲ್ಲರೂ ಹೇಳೋ ಒಂದು ಕಥೆ ಇದೆ. ಒಂದು ದಿನ ಬೆಳಿಗ್ಗೆ ಡಾರೆನ್ಸ್ ಕಾರಲ್ಲಿ ಆಫೀಸಿಗೆ ಹೋಗ್ತಿದ್ದಾಗ ದಾರೀಲಿ ಮೈದಾನದಲ್ಲಿ ಯಾರೋ ಒಬ್ಬಳೇ ಓಡ್ತಿರೋದು ಕಾಣಿಸ್ತು, ವೇಗವಾಗಿ ಓಡೋದು, ಬಗ್ಗಿ ಮೊಣಕಾಲು ಹಿಡ್ಕೊಂಡು ಉಸಿರು ಎಳ್ಕೊಳ್ಳೋದು, ಮತ್ತೆ ಓಡೋದು. ನೋಡಿದ್ರೆ ಹ್ಯಾಮ್. ಇವರು ಕಾರ್ ನಿಲ್ಲಿಸಿ ಮಾತಾಡಿಸಲಿಲ್ಲ, ಆಫೀಸಿಗೆ ಹೋಗಿ ಒಂದು ಚೀಟಿ ಬರೆದು ಕಳಿಸಿದ್ರು, ಯಾರೂ ನೋಡದೆ ಇರೋವಾಗ ಬೆವರಲ್ಲಿ ತೊಯ್ದು ಬಗ್ಗಿ ನಿಂತಿರೋಳೇ ಚಾಂಪಿಯನ್ ಅನ್ನೋ ಅರ್ಥದಲ್ಲಿ. ಆಮೇಲೆ ಆ ಮಾತು ಪೋಸ್ಟರ್ ಆಯ್ತು, ಟೀಶರ್ಟ್ ಆಯ್ತು. ನನಗೆ ಆ ಮಾತಿಗಿಂತ ಚೀಟಿ ಇಷ್ಟ. ಒಂದು ನಿಮಿಷದ ಕೆಲಸ, ಆದ್ರೆ ಒಬ್ಬ ಹುಡುಗಿಗೆ ನನ್ನನ್ನ ಯಾರೋ ನೋಡಿದ್ರು ಅನ್ನೋದು ಜೀವಮಾನ ಪೂರ್ತಿ ಉಳಿಯುತ್ತಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳ್ಬೇಕು, ಬಿಟ್ಟರೆ ತಪ್ಪಾಗುತ್ತೆ. ಕೋಚ್ ಅನ್ನೋನು ಈ ಮಕ್ಕಳ ಸ್ಕಾಲರ್‌ಶಿಪ್, ಜಾಗ, ಭವಿಷ್ಯ ಎಲ್ಲಾ ಕೈಯಲ್ಲಿ ಹಿಡ್ಕೊಂಡಿರೋನು. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಡಾರೆನ್ಸ್ ಮೇಲೆ ಲೈಂಗಿಕ ಕಿರುಕುಳದ ಕೇಸ್ ಹಾಕಿದ್ರು, ಹುಡುಗೀರ ಖಾಸಗಿ ಜೀವನದ ಬಗ್ಗೆ ಟೀಮಿನ ಮುಂದೆ ಮಾತಾಡ್ತಿದ್ರು ಅಂತ. ಅವರು ಕಿರುಕುಳ ಕೊಟ್ಟಿಲ್ಲ ಅಂತಾನೇ ವಾದಿಸಿದ್ರು, ಒಂದು 2004ರಲ್ಲಿ, ಇನ್ನೊಂದು 2008ರಲ್ಲಿ ರಾಜಿಯಲ್ಲಿ ಮುಗೀತು, ಅಂಥ ಮಾತಲ್ಲಿ ಸೇರ್ಕೊಂಡಿದ್ದು ಸರಿಯಲ್ಲ ಅಂತ ಕ್ಷಮೆ ಕೇಳಿದ್ರು. ಹತ್ತು ವರ್ಷ ನಡೆದ ಕೇಸು, ಅಷ್ಟೂ ವರ್ಷ ಅವರು ಕೋಚ್ ಆಗೇ ಇದ್ರು, ಕಪ್ಪೂ ಗೆಲ್ತಾ ಇದ್ರು. ಹೆಣ್ಣು ಮಗಳ ಅಪ್ಪನಾಗಿ ಈ ಎರಡನ್ನೂ ಒಂದೇ ತಲೇಲಿ ಇಟ್ಕೊಳ್ಳೋದು ನನಗೆ ಸುಲಭ ಅಲ್ಲ, ಅದಕ್ಕೇ ಯಾವ ಕಾಲೇಜಿನ ಕೋಚ್ ಬಗ್ಗೆ ಮಾತು ಬಂದ್ರೂ ನಾನು ಕಪ್ ಎಷ್ಟು ಅಂತ ಆಮೇಲೆ ಕೇಳ್ತೀನಿ, ಮೊದಲು ಅಲ್ಲಿ ಆಡಿ ಬಿಟ್ಟ ಹುಡುಗೀರು ಏನಂತಾರೆ ಅಂತ ಕೇಳ್ತೀನಿ.

ಈ ವೃತ್ತಿಯಿಂದ ಮೇಲೆ ಹೋಗೋ ದಾರಿಗಳು ಇದಾವೆ, ಜಾಸ್ತಿ ಇಲ್ಲ. ಅರೀನಾ ವರ್ಜೀನಿಯಾದಲ್ಲಿ ಐದು ಕಪ್ ಗೆದ್ದು 1996ರಲ್ಲಿ ಎಂಎಲ್ಎಸ್ ಅನ್ನೋ ಗಂಡಸರ ಪ್ರೊಫೆಷನಲ್ ಲೀಗ್ ಶುರುವಾದಾಗ ಅದರ ಡಿಸಿ ಯುನೈಟೆಡ್‌ಗೆ ಹೋದ್ರು. ಯುಸಿಎಲ್ಎ ಅನ್ನೋ ಯೂನಿವರ್ಸಿಟಿಯ ಸಿಗಿ ಶ್ಮಿಡ್ ಎಲ್ಎ ಗ್ಯಾಲಕ್ಸಿಗೆ, ಪ್ರಿನ್ಸ್‌ಟನ್‌ನಲ್ಲಿದ್ದ ಬಾಬ್ ಬ್ರ್ಯಾಡ್ಲಿ ಮೊದಲು ಅರೀನಾಗೆ ಅಸಿಸ್ಟೆಂಟ್ ಆಗಿ, ಆಮೇಲೆ ರಾಷ್ಟ್ರೀಯ ತಂಡದ ತನಕ. ಜಿಲ್ ಎಲ್ಲಿಸ್ ಯುಸಿಎಲ್ಎ ಹುಡುಗೀರ ಟೀಮಿಂದ ಹೋಗಿ 2015, 2019 ಎರಡೂ ವರ್ಲ್ಡ್ ಕಪ್ ಗೆದ್ರು. ಈಗ ಪ್ರೊಫೆಷನಲ್ ಲೀಗುಗಳಿಗೆ ಅವರದೇ ಕೋಚ್‌ಗಳ ಸಾಲು ಇದೆ, ಕಾಲೇಜಿಂದ ಎತ್ಕೊಳ್ಳೋದು ಕಮ್ಮಿ. ಹೆಚ್ಚಿನ ಕೋಚ್‌ಗಳ ಜೀವನ ಸಣ್ಣ ಕಾಲೇಜಲ್ಲೇ, ಬೇಸಿಗೆಯಲ್ಲಿ ಮಕ್ಕಳ ಕ್ಯಾಂಪ್ ನಡೆಸಿ ನಾಲ್ಕು ಕಾಸು ಜಾಸ್ತಿ ಮಾಡ್ಕೊಂಡು, ಎರಡು ಮೂರು ವರ್ಷ ಸೋತ್ರೆ ಕಾಂಟ್ರ್ಯಾಕ್ಟ್ ಮುಂದುವರಿಯುತ್ತಾ ಇಲ್ವಾ ಅಂತ ಲೆಕ್ಕ ಹಾಕ್ಕೊಂಡು. ನಮ್ಮ ಪಿಡಿಗಳಿಗೆ ಇದ್ದ ಪರ್ಮನೆಂಟ್ ಅನ್ನೋ ಪದ ಅಲ್ಲಿಲ್ಲ. ಇದನ್ನ ಕೇಳಿ ಮಾವ ಎದ್ದು ಹೋಗಿ ಅಡಿಕೆಪುಡಿ ತಂದ್ರು, ಮೊದಲ ಸಲ ಅವರಿಗೆ ಆ ಕೋಚ್ ಮೇಲೆ ಪಾಪ ಅನ್ನಿಸ್ತು ಅನ್ಸುತ್ತೆ.

ಅದೂ ಸಾಲದು ಅಂತ ಇತ್ತೀಚಿನ ವರ್ಷಗಳಲ್ಲಿ ಇವರ ಕಾಲಡಿ ನೆಲವೇ ಜರುಗಿದೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಆಟಗಾರ ತನ್ನ ಹೆಸರು ಅದಕ್ಕೆ ಹಾಕಿಬಿಟ್ರೆ ಬೇರೆ ಕಾಲೇಜುಗಳು ಮಾತಾಡಿಸಬಹುದು, ಹಾಲಿ ಕೋಚ್‌ನ ಅಪ್ಪಣೆ ಬೇಡ. ಮೊದಲು ಹದಿನಾರರ ಮಕ್ಕಳನ್ನ ಒಲಿಸಿದ್ರೆ ಸಾಕಿತ್ತು, ಈಗ ತನ್ನ ಟೀಮಲ್ಲಿರೋ ಇಪ್ಪತ್ತರ ಮಕ್ಕಳನ್ನ ಪ್ರತಿ ಡಿಸೆಂಬರಲ್ಲೂ ಮತ್ತೆ ಒಲಿಸಬೇಕು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿಂದ ದುಡ್ಡು ಮಾಡಬಹುದು. 2025ರ ಜೂನಲ್ಲಿ ಕೋರ್ಟ್ ಒಂದು ದೊಡ್ಡ ಒಪ್ಪಂದಕ್ಕೆ ಸಹಿ ಹಾಕ್ತು, ಅದರ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ 9.9, 14 ಎಲ್ಲಾ ಹೋಯ್ತು, ಅದರ ಬದಲು ಟೀಮಲ್ಲಿ 28 ಜನ ಮಾತ್ರ, ಬೇಕಿದ್ರೆ ಅಷ್ಟೂ ಜನಕ್ಕೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಬೇಕಿದ್ರೆ ಅನ್ನೋ ಪದದಲ್ಲೇ ಎಲ್ಲಾ ಇದೆ. ದುಡ್ಡೆಲ್ಲಾ ಹೆಲ್ಮೆಟ್ ಆಟಕ್ಕೆ, ಬ್ಯಾಸ್ಕೆಟ್‌ಬಾಲ್‌ಗೆ ಹರಿಯುತ್ತೆ, ಸಾಕರ್ ಕೋಚ್‌ಗೆ ನಿಯಮ ಸಡಿಲ ಆಯ್ತು, ಜೇಬು ಹಂಗೇ ಇದೆ. ಇನ್ನೊಂದು ಕಡೆ ಚೆನ್ನಾಗಿ ಆಡೋರು ಕಾಯೋದೇ ಇಲ್ಲ. ಗಂಡು ಹುಡುಗರನ್ನ ಎಂಎಲ್ಎಸ್ ಅಕಾಡೆಮಿಗಳು ಹದಿಮೂರು ಹದಿನಾಲ್ಕಕ್ಕೇ ಎತ್ಕೊಂಡು ಹೋಗ್ತವೆ, ಹಂಗಾಗಿ ಹುಡುಗರ ಕಾಲೇಜ್ ಟೀಮುಗಳಲ್ಲಿ ಈಗ ಜರ್ಮನಿ, ನಾರ್ವೆ, ಘಾನಾ ಅಂತ ವಿದೇಶದ ಹುಡುಗರು ತುಂಬಾ. ಹುಡುಗೀರಲ್ಲೂ ಡಿಗ್ರಿ ಮುಗಿಯೋ ಮುಂಚೆ ಪ್ರೊಫೆಷನಲ್ ಆಗಿ ಹೋಗೋದು ಶುರುವಾಗಿದೆ, ಚಾಪೆಲ್ ಹಿಲ್‌ನ ಆಲಿ ಸೆಂಟ್ನರ್ 2024ರ ಜನವರಿಯಲ್ಲಿ ಹಂಗೇ ಹೋದ್ರು, ಮಹಿಳಾ ಪ್ರೊಫೆಷನಲ್ ಲೀಗಿನ ಟೀಮುಗಳು ಸರದಿ ಪ್ರಕಾರ ಆಟಗಾರ್ತಿಯರನ್ನ ಆರಿಸ್ಕೊಳ್ಳೋ ಡ್ರಾಫ್ಟ್‌ನಲ್ಲಿ ಮೊದಲನೇ ಆಯ್ಕೆ ಅವರೇ. ಅದೇ ಆಗಸ್ಟಲ್ಲಿ ಆ ಮಹಿಳಾ ಲೀಗ್ ಡ್ರಾಫ್ಟ್ ಪದ್ಧತಿಯನ್ನೇ ತೆಗೆದುಹಾಕ್ತು.

ಅದೇ ಆಗಸ್ಟಲ್ಲಿ ಇನ್ನೊಂದಾಯ್ತು. ಸೀಸನ್ ಶುರುವಾಗಕ್ಕೆ ಕೆಲವೇ ದಿನ ಇರೋವಾಗ ಡಾರೆನ್ಸ್ ರಿಟೈರಾಗ್ತೀನಿ ಅಂದ್ರು, 45 ಸೀಸನ್ ಆದ್ಮೇಲೆ. ಕಪ್ ಕಡೇ ಸಲ ಬಂದಿದ್ದು 2012ರಲ್ಲಿ. ಅವರ ಅಸಿಸ್ಟೆಂಟ್ ಡೇಮನ್ ನಾಹಸ್‌ಗೆ ಹಂಗಾಮಿ ಕೋಚ್ ಅಂತ ಕೊಟ್ರು, ಅರ್ಧಕ್ಕರ್ಧ ಹೊಸ ಮುಖಗಳಿರೋ ಟೀಮು. ಅವರು ಹೋಗಿ ಹೋಗಿ ಡಿಸೆಂಬರ್ 9ಕ್ಕೆ ಫೈನಲ್ ಆಡಿದ್ರು, ಅದೂ ನಮ್ಮೂರು ಕ್ಯಾರಿಯಲ್ಲೇ, ವೇಕ್ ಫಾರೆಸ್ಟ್ ಮೇಲೆ 1-0 ಗೆದ್ರು. ಆ ಡಿಸೆಂಬರಲ್ಲೇ ಹಂಗಾಮಿ ಅನ್ನೋದು ಹೋಗಿ ನಾಹಸ್ ಖಾಯಂ ಕೋಚ್ ಆದ್ರು, ಅಲ್ಲಿನ ಖಾಯಂ ಎಷ್ಟು ಖಾಯಂ ಅನ್ನೋದು ಮೇಲೆ ಹೇಳಿದೀನಿ.

ಆ ರಾತ್ರಿ ಮೈದಾನದಲ್ಲಿ ತೆಗೆದ ಫೋಟೋ ನನ್ನ ಫೋನಲ್ಲಿತ್ತು, ಹುಡುಗೀರೆಲ್ಲಾ ಕಪ್ ಹಿಡ್ಕೊಂಡು ಕೂಗ್ತಿರೋದು, ಮಾವನಿಗೆ ತೋರಿಸ್ದೆ. ಕನ್ನಡಕ ಹಾಕ್ಕೊಂಡು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ, ಒಬ್ಬೊಬ್ಬರ ಮುಖವನ್ನೂ ನಿಧಾನಕ್ಕೆ ನೋಡಿದ್ರು.

"ಇವರಲ್ಲಿ ಎಷ್ಟು ಜನ ಫೈನಲ್ ಇಯರೋ?" ಅಂದ್ರು.